ಡಮಾಮಿ ಬಾರಿಸುವ ಎಳೆಯ ಕೈಗಳು

ಹುಬ್ಬಳ್ಳಿಯಿಂದ ಅಂಕೋಲೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪಯಣಿಸಿದವರಿಗೆ, ಕಲಘಟಗಿ ದಾಟಿದ ಮೇಲೆ ನೆಲದ ಬಣ್ಣವೇ ಬದಲಾಗುವುದು ಗೊತ್ತಿದ್ದ ಸಂಗತಿಯೇ. ಬಯಲಿನ ಹೊಲಗಳು ಹಿಂದೆ ಸರಿಯುತ್ತವೆ. ಸಾಗುವಾನಿಯ ಮರಗಳು ರಸ್ತೆಯ ಎರಡೂ ಮಗ್ಗುಲಿಗೆ ಬಂದು ನಿಲ್ಲುತ್ತವೆ. ಗಾಳಿ ತುಸು ತಂಪಾಗುತ್ತದೆ. ಕಿರವತ್ತಿಯನ್ನು ದಾಟಿ ಯಲ್ಲಾಪುರ ಸೇರುವ ಹೊತ್ತಿಗೆ ಪ್ರಯಾಣಿಕನು ಮಲೆನಾಡಿನೊಳಗೆ ಬಂದಿರುತ್ತಾನೆ. ಇಲ್ಲಿಯ ಯಾವುದಾದರೊಂದು ನಿಲ್ದಾಣದಲ್ಲಿ ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡ ನಾಲ್ಕಾರು ಹುಡುಗ ಹುಡುಗಿಯರು ಬಸ್ಸನ್ನೇರುತ್ತಾರೆ. ಗುಂಗುರು ಕೂದಲು, ಕಪ್ಪು ಮೈಬಣ್ಣ, ಗಟ್ಟಿಯಾದ ಮೈಕಟ್ಟು. ಮೊದಲ ಸಲ ನೋಡಿದ ಪ್ರಯಾಣಿಕನು ಪಕ್ಕದವನನ್ನು ಮೆಲ್ಲಗೆ ಕೇಳುತ್ತಾನೆ: "ಇವರು ಯಾವ ದೇಶದವರು?"

ಆ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಅವರ ಅಜ್ಜ, ಅವನ ಅಜ್ಜ, ಆತನ ಅಜ್ಜ ಎಲ್ಲರೂ ಇದೇ ಕಾಡಿನಲ್ಲಿ ಹುಟ್ಟಿ, ಇದೇ ಮಣ್ಣಿನಲ್ಲಿ ಮಣ್ಣಾದವರು. ಆದರೂ ಈ ಪ್ರಶ್ನೆ ಅವರನ್ನು ಬಿಟ್ಟಿಲ್ಲ. ಹೊರಗಿನವರು ಕೇಳುವ ಈ ಪ್ರಶ್ನೆಯನ್ನು ಒಂದು ದಿನ ಆ ಮಕ್ಕಳೂ ತಮಗೆ ತಾವೇ ಕೇಳಿಕೊಳ್ಳುತ್ತಾರೆ: ನಾವು ಯಾರು? ಎಲ್ಲಿಂದ ಬಂದೆವು?

ಇವರೇ ಸಿದ್ದಿಗಳು. ಪುಸ್ತಕದಲ್ಲಿ ಸುಲಭವಾಗಿ ಸಿಕ್ಕದ ಈ ಪ್ರಶ್ನೆಯ ಉತ್ತರವನ್ನು ಅವರ ತರುಣರು ಕುಣಿತದಲ್ಲಿ, ಹಾಡಿನಲ್ಲಿ, ನಾಟಕದ ರಂಗದ ಮೇಲೆ ಹುಡುಕಿದ ಕಥೆಯು ಹುಬ್ಬಳ್ಳಿ-ಧಾರವಾಡದ ಮನೆಮಂದಿಯೆಲ್ಲ ತಿಳಿಯಬೇಕಾದದ್ದು. ಏಕೆಂದರೆ ಈ ಜನ ಬಹು ದೂರದವರಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿಗಳಲ್ಲಿ ಇರುವಂತೆಯೇ ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿಯೂ, ಬೆಳಗಾವಿಯ ಖಾನಾಪುರದ ಕಡೆಗೂ ಅವರ ವಸತಿಗಳಿವೆ. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಸಿದ್ದಿಗಳ ಸಂಖ್ಯೆ ಹತ್ತು ಸಾವಿರವನ್ನು ಸ್ವಲ್ಪವೇ ಮೀರಿತ್ತು.

ಕಡಲು ದಾಟಿ ಬಂದವರು

ಸಿದ್ದಿಗಳ ಪೂರ್ವಜರು ಆಫ್ರಿಕದವರು. ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಮೆಣಸು, ಬಟ್ಟೆ, ದಂತಗಳ ಜೊತೆಗೆ ಮನುಷ್ಯರೂ ಮಾರಾಟವಾಗುತ್ತಿದ್ದ ಕಾಲವದು. ಆಫ್ರಿಕದಿಂದ ಬಂದವರಲ್ಲಿ ಕೆಲವರು ದಖ್ಖನಿನಲ್ಲಿ ಸೈನಿಕರಾಗಿ, ಸರದಾರರಾಗಿ ಮೇಲೇರಿದ್ದುಂಟು. ಅಹಮದನಗರದ ರಾಜ್ಯಸೂತ್ರವನ್ನೇ ಹಿಡಿದು ಮೊಗಲರನ್ನು ಕಾಡಿದ ಮಲಿಕ್ ಅಂಬರ್ ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಲ್ಪಟ್ಟವನು. ೧೬೨೬ರಲ್ಲಿ ತೀರಿಕೊಂಡಾಗ ಅವನು ದಖ್ಖನಿನ ಅತಿ ಬಲಶಾಲಿಗಳಲ್ಲೊಬ್ಬನಾಗಿದ್ದ. ನಮ್ಮ ವಿಜಾಪುರದಲ್ಲಿ ಮಹಮ್ಮದ ಆದಿಲಶಾಹಿಯ ಆಳಿಕೆಯಲ್ಲಿ ಇಖ್ಲಾಸ್ ಖಾನನೆಂಬ ಹಬಶಿ ಸರದಾರನು ದೊಡ್ಡ ಅಧಿಕಾರ ನಡೆಸಿದ.

ಆದರೆ ನಮ್ಮ ಕಾಡಿನ ಸಿದ್ದಿಗಳ ಕಥೆ ಇಂಥ ವೈಭವದ್ದಲ್ಲ. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ತಮ್ಮ ಮನೆಗೆಲಸಕ್ಕೆ, ಹಡಗಿನ ಕೆಲಸಕ್ಕೆಂದು ಆಫ್ರಿಕದಿಂದ ಗುಲಾಮರನ್ನು ತರಿಸುತ್ತ ಬಂದರು. ಆ ದಾಸ್ಯವನ್ನು ತಾಳಲಾರದೆ ಓಡಿಬಂದವರು, ಬಿಡುಗಡೆ ಪಡೆದವರು ಸಹ್ಯಾದ್ರಿಯನ್ನೇರಿ ದಟ್ಟ ಅರಣ್ಯದಲ್ಲಿ ಅಡಗಿದರು. ಪೋರ್ತುಗಾಲವು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕಾಯಿದೆಯಿಂದ ಕೊನೆಗಾಣಿಸಿದ್ದು ೧೮೬೯ರಲ್ಲಿ. ಅಲ್ಲಿಯವರೆಗೆ ಈ ಅರಣ್ಯವೇ ಅವರ ಕೋಟೆ.

ವಿಜ್ಞಾನವೂ ಈ ಇತಿಹಾಸಕ್ಕೆ ಸಾಕ್ಷಿ ನುಡಿದಿದೆ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ಸಂಶೋಧಕರು ಪಾಲುಗೊಂಡು ೨೦೧೧ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು, ಸಿದ್ದಿಗಳ ಮೂಲವು ಆಫ್ರಿಕದ ಬಂಟು ಭಾಷಿಕ ಜನರಲ್ಲಿದೆಯೆಂದೂ, ಅದರೊಡನೆ ಭಾರತೀಯರ ರಕ್ತವೂ ಬೆರೆತಿದೆಯೆಂದೂ ತೋರಿಸಿತು.

ಇಷ್ಟು ತಿಳಿದ ಮಾತ್ರಕ್ಕೆ ಒಂದು ಮಗುವಿಗೆ ತನ್ನ ಹಿರಿಯರು ಸಿಕ್ಕಂತಾಯಿತೇ? ಇಲ್ಲ. ಗುಲಾಮಗಿರಿ ಮೊದಲು ಕಸಿದುಕೊಳ್ಳುವುದು ಹೆಸರನ್ನು, ಆಮೇಲೆ ಭಾಷೆಯನ್ನು. ಸಿದ್ದಿಗಳ ತಾಯ್ನುಡಿಯಾದ ಆಫ್ರಿಕದ ಮಾತು ಅಳಿದುಹೋಯಿತು. ಈಗ ಅವರು ಮನೆಯಲ್ಲಿ ಆಡುವುದು ಕೊಂಕಣಿ-ಮರಾಠಿ ಬೆರೆತ ನುಡಿ, ಕೆಲವೆಡೆ ಉರ್ದು, ಹೊರಗೆ ಕನ್ನಡ. ಧರ್ಮವೂ ಒಂದಲ್ಲ: ಹಿಂದೂ ಸಿದ್ದಿಗಳಿದ್ದಾರೆ, ಕ್ರೈಸ್ತ ಸಿದ್ದಿಗಳಿದ್ದಾರೆ, ಮುಸಲ್ಮಾನ ಸಿದ್ದಿಗಳಿದ್ದಾರೆ. ಆದರೂ ಮೂವರೂ ಹೆಸರಿನ ಮುಂದೆ 'ಸಿದ್ದಿ' ಎಂದು ಹಚ್ಚಿಕೊಳ್ಳುತ್ತಾರೆ. ಮೂವರಲ್ಲಿಯೂ 'ಹಿರಿಯರು' ಎಂಬ ಪೂರ್ವಜರ ಪೂಜೆಯುಂಟು. ಮತ್ತು ಮೂವರಿಗೂ ಸೇರಿದ ವಾದ್ಯ ಒಂದಿದೆ. ಅದೇ ಡಮಾಮಿ.

ಒಂದು ವಾದ್ಯ, ಒಂದು ವೃತ್ತ

ಡಮಾಮಿ ನೋಡುವುದಕ್ಕೆ ಸರಳವಾದ ವಾದ್ಯ. ಒಳಗೆ ಪೊಳ್ಳು ಮಾಡಿದ ಮರದ ಕೊರಡು, ಅದರ ಬಾಯಿಗೆ ಬಿಗಿದ ಚರ್ಮ, ಬಿಗಿಯಲು ಹಗ್ಗ. ಅದನ್ನು ಬಾರಿಸುತ್ತ ಹಾಡುವ, ಹಾಡುತ್ತ ಕುಣಿಯುವ ಕಲೆಗೂ ಡಮಾಮಿ ಎಂದೇ ಹೆಸರು. ಹಬ್ಬ, ಮದುವೆ, ಹಿರಿಯರ ಪೂಜೆಗಳಲ್ಲಿ ಮಾತ್ರವಲ್ಲ, ದಿನದ ದುಡಿಮೆ ಮುಗಿದ ಸಂಜೆಯಲ್ಲಿಯೂ ಅದು ಮೊಳಗುವುದುಂಟು. ಒಬ್ಬರು ಹಾಡು ಎತ್ತುತ್ತಾರೆ, ಸುತ್ತ ಕುಳಿತವರು ಸೊಲ್ಲು ಹಿಡಿಯುತ್ತಾರೆ. ಕೇಳುತ್ತ ಕುಳಿತ ಹೆಂಗಸೊಬ್ಬಳು ತಾಳ ಮೈಯೊಳಗೆ ಇಳಿದಾಗ ಎದ್ದು ನಡುವೆ ಬರುತ್ತಾಳೆ. ಇಲ್ಲಿ ಆಡುವವರು ಬೇರೆ, ನೋಡುವವರು ಬೇರೆ ಎಂಬ ಗೆರೆಯಿಲ್ಲ. ಹಾಡಿನ ವಸ್ತುವೂ ದೂರದ್ದಲ್ಲ. ಕಾಡು, ಜೇನು, ತೋಟದ ಕೂಲಿ, ಅತ್ತೆ-ಸೊಸೆಯರ ಜಗಳ, ಹಾಸ್ಯ—ಬದುಕಿನಲ್ಲಿದ್ದದ್ದೆಲ್ಲ ಅದರಲ್ಲಿಯೂ ಇದೆ. ಡಮಾಮಿಯ ಜೊತೆಗೆ ಹೆಂಗಸರ ಪುಗಡಿ, ಹೋಳಿಯ ಕಾಲದ ಸಿಗ್ಮೊ ಕುಣಿತಗಳೂ ಇವೆ. ಇವು ಕೊಂಕಣ ಸೀಮೆಯಿಂದ ಕೂಡಿಬಂದವು.

ಹಾಗಾದರೆ ಡಮಾಮಿ ಆಫ್ರಿಕದಿಂದಲೇ ಬಂದಿತೇ? ಈ ಪ್ರಶ್ನೆಗೆ ಆತುರದ ಉತ್ತರ ಸಲ್ಲದು. ಇರಾನ ದೇಶದ ದಕ್ಷಿಣ ಕರಾವಳಿಯ ಬುಶಹರ ಪಟ್ಟಣದಲ್ಲಿ ಮೊಹರಮ್ಮಿನ ಮೆರವಣಿಗೆಯಲ್ಲಿ ಬಾರಿಸುವ ಮದ್ದಳೆಗೂ 'ದಮ್ಮಾಮ' ಎಂದೇ ಹೆಸರಿದೆ. ಆ ಕರಾವಳಿಯಲ್ಲಿಯೂ ಆಫ್ರಿಕ ಮೂಲದ ಜನ ನೆಲೆಸಿದ್ದಾರೆ. ಗುಜರಾತದ ಸಿದ್ದಿಗಳು ಬಾವಾ ಗೋರ್ ಎಂಬ ಸಂತನ ಸನ್ನಿಧಿಯಲ್ಲಿ 'ಧಮಾಲ್' ಕುಣಿಯುತ್ತಾರೆ. ಅವರಲ್ಲಿ ಉಳಿದಿರುವ 'ಮಲುಂಗ' ಎಂಬ ಬಿಲ್ಲಿನಾಕಾರದ ಒಂಟಿ ತಂತಿಯ ವಾದ್ಯಕ್ಕೆ ಆಫ್ರಿಕದಲ್ಲಿ ಸೋದರ ವಾದ್ಯಗಳಿವೆ. ಒಂದು ಕಡಲಿನ ಸುತ್ತ ಚೆಲ್ಲಿದ ಜನ, ತಮಗೆ ಸಿಕ್ಕ ಮರ, ತಮಗೆ ಸಿಕ್ಕ ಚರ್ಮ, ನೆರೆಯವರಿಂದ ಕಲಿತ ಹೆಸರು ಇವುಗಳಿಂದ ತಮ್ಮ ಲಯವನ್ನು ಕಟ್ಟಿಕೊಂಡರೆಂದು ತಿಳಿದರೆ ಸಾಕು. ಹೆಸರು ಕಳೆದರೂ, ನುಡಿ ಮರೆತರೂ, ಕಾಲ ಹೆಜ್ಜೆಯನ್ನು ಕಸಿಯಲು ಯಾವ ಒಡೆಯನಿಗೂ ಆಗಲಿಲ್ಲ.

ನಾಚಿಕೆಯ ಕಾಲ

ಆದರೆ ಒಡೆಯರು ಕಸಿಯಲಾರದ್ದನ್ನು ನಾಚಿಕೆ ಕಸಿಯಬಲ್ಲದು. ಹಳ್ಳಿಯ ಮಗು ಶಾಲೆಗೆ ಹೋಯಿತು. ಅಲ್ಲಿ ಅದರ ಕೂದಲನ್ನು ಎಳೆದು ನಕ್ಕವರಿದ್ದರು. ಬಣ್ಣವನ್ನು ಹಿಡಿದು ಅಡ್ಡಹೆಸರಿಟ್ಟವರಿದ್ದರು. ಮನೆಯಲ್ಲಿ ತಂದೆ-ತಾಯಿ ಅಡಿಕೆ ತೋಟದಲ್ಲಿ ಕೂಲಿ; ಸಾಲ ಮಾಡಿ, ಆ ಸಾಲಕ್ಕಾಗಿ ವರ್ಷಾನುಗಟ್ಟಲೆ ದುಡಿದವರೂ ಅವರಲ್ಲಿದ್ದರು. ಇಂಥ ಮಗು ದೊಡ್ಡದಾದಾಗ ಊರಿನ ಮುಂದೆ ಡಮಾಮಿ ಬಾರಿಸುವುದಕ್ಕೆ ಹಿಂಜರಿದರೆ ಆಶ್ಚರ್ಯವೇನು? ತನ್ನನ್ನು ಇತರರಿಂದ ಬೇರೆ ಮಾಡಿ ತೋರಿಸುವ ಯಾವುದೂ ಅದಕ್ಕೆ ಬೇಡವಾಗುತ್ತದೆ. ಸಿನಿಮಾ ಹಾಡಿಗೆ ಕುಣಿಯುವುದು ಸುಲಭ. ಎಲ್ಲರೂ ಹಾಗೆಯೇ ಕುಣಿಯುತ್ತಾರಲ್ಲ! ಮುಂದೆ ಕೆಲಸ ಹುಡುಕಿ ಹುಬ್ಬಳ್ಳಿಗೆ, ಗೋವೆಗೆ, ಬೆಂಗಳೂರಿಗೆ ಹೊರಟ ತರುಣನ ಕೈಚೀಲದಲ್ಲಿ ಡಮಾಮಿಗೆ ಜಾಗವೂ ಇರಲಿಲ್ಲ.

ಹೊರಗಿನ ಜಗತ್ತು ಈ ತರುಣರನ್ನು ಗಮನಿಸಿದ್ದು ಮೊದಲು ಅವರ ಮೈಕಟ್ಟಿಗಾಗಿ. ೧೯೮೦ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಬಾಲಕ ಬಾಲಿಕೆಯರನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಡುವ ಯೋಜನೆಯನ್ನು ಕೈಕೊಂಡಿತು. ಆಫ್ರಿಕದ ಓಟಗಾರರು ಒಲಿಂಪಿಕ್ಸಿನಲ್ಲಿ ಪದಕಗಳನ್ನು ಸೂರೆಗೊಳ್ಳುತ್ತಿದ್ದಾಗ, ಅದೇ ಮೂಲದವರು ನಮ್ಮಲ್ಲಿಯೇ ಇರುವರಲ್ಲ ಎಂಬುದು ಆ ಯೋಜನೆಯ ಹಿಂದಿನ ಯೋಚನೆ. ಕೆಲವರು ಚೆನ್ನಾಗಿ ಓಡಿದರು, ಪದಕಗಳನ್ನೂ ತಂದರು. ಆದರೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಮಕ್ಕಳು ಮತ್ತೆ ಕಾಡಿನ ಹಳ್ಳಿಗಳಿಗೆ ಮರಳಿದರು. ಅವರ ಕಾಲುಗಳನ್ನು ಕೇಳಿದವರಿದ್ದರು. ಅವರ ಕಥೆಯನ್ನು ಕೇಳಿದವರು ಇರಲಿಲ್ಲ.

ರಂಗದ ಮೇಲೆ ಒಂದು ಹಳ್ಳಿ

ಅವರ ಕಥೆಯನ್ನು ಕೇಳಿದ್ದು ನಾಟಕ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಂ, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಹಳ್ಳಿಯಲ್ಲಿದ್ದುಕೊಂಡೇ ನಾಡಿನ ರಂಗಭೂಮಿಯನ್ನು ಬೆಳೆಸಿದ ಸಂಸ್ಥೆ. ೧೯೮೦ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ನಗರದ ನಾಟಕವನ್ನು ಹಳ್ಳಿಗೆ ಒಯ್ಯುವುದಷ್ಟೇ ಅಲ್ಲ, ರಂಗದ ಮೇಲೆ ಎಂದೂ ಕಾಲಿಡದ ಜನರ ನಡುವೆ ಹೋಗಿ ಅವರೊಡನೆಯೇ ನಾಟಕ ಕಟ್ಟುವುದೂ ತನ್ನ ಕೆಲಸವೆಂದು ನೀನಾಸಂ ಬಗೆದಿತ್ತು. ಹೀಗೆ ೧೯೮೦ರ ದಶಕದಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚೀಕೇರಿಯ ಕಡೆಯ ಸಿದ್ದಿಗಳೊಡನೆ ಕೂಡಿ ನಾಟಕವನ್ನಾಡಿಸಿದರು.

ಆರಿಸಿಕೊಂಡ ವಸ್ತುವೂ ವಿಶೇಷವಾದದ್ದು. ನೈಜೀರಿಯದ ಲೇಖಕ ಚಿನುವಾ ಅಚೆಬೆಯವರು ೧೯೫೮ರಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯ ಕಥೆಯನ್ನು ಅವರು ಕನ್ನಡದ ರಂಗಕ್ಕೆ ತಂದರು. ಇಗ್ಬೋ ಜನರ ಹಳ್ಳಿಯೊಂದರಲ್ಲಿ ಒಕೊಂಕ್ವೊ ಎಂಬ ಬಲಶಾಲಿಯಾದ ಕುಸ್ತಿಯಾಳು; ಅವನ ಗೆಣಸಿನ ಹೊಲ; ಮುಖವಾಡ ಧರಿಸಿ ಬಂದು ನ್ಯಾಯ ಹೇಳುವ ಪೂರ್ವಜರು; ಊರೆಲ್ಲ ಎದ್ದು ನಿಲ್ಲುವಂತೆ ಮೊಳಗುವ ನಗಾರಿ. ಅಲ್ಲಿಗೆ ಬಿಳಿಯರ ಧರ್ಮ ಬರುತ್ತದೆ, ಬಿಳಿಯರ ಸರಕಾರ ಬರುತ್ತದೆ. ಒಕೊಂಕ್ವೊನ ಹಿರಿಯ ಮಗನೇ ತಂದೆಯನ್ನು ಬಿಟ್ಟು ಹೊಸ ಧರ್ಮಕ್ಕೆ ಸೇರುತ್ತಾನೆ. ಕೊನೆಗೆ ಆ ಬಲಶಾಲಿ ಒಂಟಿಯಾಗಿ ನಾಶವಾಗುತ್ತಾನೆ.

ಈ ಆಯ್ಕೆಗೆ ಒಂದು ಆಕ್ಷೇಪಣೆಯನ್ನು ಎತ್ತಬಹುದು. ಅಚೆಬೆಯವರ ಹಳ್ಳಿ ಇರುವುದು ಪಶ್ಚಿಮ ಆಫ್ರಿಕದಲ್ಲಿ. ಹಿಂದೂ ಮಹಾಸಾಗರದ ದಾರಿಯಿಂದ ಬಂದವರ ಮೂಲ ಆಫ್ರಿಕದ ಇನ್ನೊಂದು ದಿಕ್ಕಿನಲ್ಲಿ. ಇದು ಸಿದ್ದಿಗಳ ಕಥೆ ಹೇಗಾದೀತು? ಭೂಪಟವನ್ನು ಮುಂದಿಟ್ಟುಕೊಂಡರೆ ಆಕ್ಷೇಪಣೆ ಸರಿಯೇ. ಆದರೆ ನಾಟಕವು ವಂಶವೃಕ್ಷವಲ್ಲ. ಹಿರಿಯರ ಪೂಜೆ ಮಾಡುವ ಜನ ರಂಗದ ಮೇಲೆ ಹಿರಿಯರ ಮುಖವಾಡ ಧರಿಸಿದಾಗ, ಒಂದೇ ಕುಲದಲ್ಲಿ ಮೂರು ಧರ್ಮಗಳಾಗಿ ಹಂಚಿಹೋದವರು ತಂದೆ-ಮಗ ಧರ್ಮದಿಂದ ಅಗಲುವ ದೃಶ್ಯವನ್ನು ಆಡಿದಾಗ, ಅದು ಬೇರೆಯವರ ಕಥೆಯಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಅಲ್ಲಿಯವರೆಗೆ ಶಾಲೆಯಲ್ಲಿ ನಗೆಗೀಡಾದ ಬಣ್ಣ, ಕೂದಲು, ಮೈಕಟ್ಟುಗಳೇ ಆ ರಂಗದ ಮೇಲೆ ಒಂದು ಜನಾಂಗದ ಗಾಂಭೀರ್ಯವಾಗಿ ನಿಂತವು. ಯಾವ ಕುಣಿತವನ್ನು ಊರಿನೆದುರು ಬಚ್ಚಿಡಬೇಕೆನಿಸಿತ್ತೋ ಅದನ್ನೇ ನೋಡಲು ಊರು ಬಂದು ಕುಳಿತಿತು. ನಾಟಕದ ಶಕ್ತಿ ಇದೇ ಅಲ್ಲವೇ? ಅದು ಹುಡುಗನಿಗೆ 'ನಿನ್ನ ಇತಿಹಾಸ ಇದು' ಎಂದು ಬೋಧಿಸುವುದಿಲ್ಲ. ಹಿರಿಯನೊಬ್ಬನ ಪಾತ್ರವನ್ನು ಕೊಟ್ಟು, 'ಈತ ಹೇಗೆ ನಡೆದಾನು, ಹೇಗೆ ಮಾತನಾಡಿಯಾನು?' ಎಂದು ಕೇಳುತ್ತದೆ. ಹುಡುಗ ಉತ್ತರಕ್ಕಾಗಿ ತನ್ನ ಅಜ್ಜನ ನಡಿಗೆಯನ್ನೇ ನೆನೆಯಬೇಕಾಗುತ್ತದೆ.

ಅಲ್ಲಿಂದ ಮುಂದೆ ಮಂಚೀಕೇರಿಗೂ ಹೆಗ್ಗೋಡಿಗೂ ನಡುವೆ ದಾರಿಯೊಂದು ಬಿದ್ದಿತು. ಸಿದ್ದಿ ತರುಣ ತರುಣಿಯರು ರಂಗಶಿಕ್ಷಣಕ್ಕೆ ಹೋದರು. ನೀನಾಸಂದಲ್ಲಿ ಕಲಿತ ಗಿರಿಜಾ ಸಿದ್ದಿಯವರು ರಂಗನಟಿಯಾಗಿ, ಗಾಯಕಿಯಾಗಿ ಹೆಸರಾದರು. ಅಲ್ಲಿಯೇ ಕಲಿತ ಪ್ರಶಾಂತ ಸಿದ್ದಿಯವರ ಮುಖ ಕನ್ನಡ ಚಲನಚಿತ್ರಗಳನ್ನು ನೋಡುವವರಿಗೆಲ್ಲ ಪರಿಚಿತ. ೨೦೨೧ರಲ್ಲಿ ತೆರೆಕಂಡ 'ಸಲಗ' ಚಿತ್ರಕ್ಕಾಗಿ ಗಿರಿಜಾ ಮತ್ತು ಗೀತಾ ಸಿದ್ದಿಯವರೂ ಅವರ ಸಂಗಡಿಗರೂ ಹಾಡಿದ ಹಾಡು ನಾಡಿನ ಮೂಲೆ ಮೂಲೆಯಲ್ಲಿ ಕೇಳಿಸಿತು. ಹುಬ್ಬಳ್ಳಿಯ ಮದುವೆಯ ಮೆರವಣಿಗೆಯಲ್ಲಿಯೂ ಕುಣಿಯಲು ತಕ್ಕ ಹಾಡದು. ಆ ಲಯ ಯಾವ ಕಾಡಿನದು, ಯಾರ ಕೈಯದು ಎಂದು ಕುಣಿದವರಲ್ಲಿ ಎಷ್ಟು ಮಂದಿ ಕೇಳಿಯಾರು?

ಯಾರಿಗಾಗಿ ಕುಣಿತ?

ಇಲ್ಲಿಯೇ ಒಂದು ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ಕಲೆಗೆ ಬೇಡಿಕೆ ಬಂದಿತೆಂದರೆ ಕಲೆಗೆ ಗೌರವ ಬಂದಿತೆಂದು ಅರ್ಥವೇ?

ಗುಜರಾತದ ಗಿರ್ ಅರಣ್ಯದಲ್ಲಿ ಸಿಂಹಗಳನ್ನು ನೋಡಲು ಹೋಗುವ ಪ್ರವಾಸಿಗಳಿಗಾಗಿ ಅಲ್ಲಿಯ ಸಿದ್ದಿಗಳು ಧಮಾಲ್ ಕುಣಿಯುತ್ತಾರೆ. ಮುಖಕ್ಕೆ ಬಣ್ಣ, ತಲೆಗೆ ಮತ್ತು ಸೊಂಟಕ್ಕೆ ನವಿಲುಗರಿ. ತೆಂಗಿನಕಾಯಿಯನ್ನು ಮೇಲೆಸೆದು ತಲೆಯಿಂದ ಒಡೆಯುವ ಸಾಹಸ. ಸಂತನ ಸನ್ನಿಧಿಯಲ್ಲಿ ಭಕ್ತಿಯಾಗಿದ್ದದ್ದು ಇಲ್ಲಿ ಆಟವಾಗುತ್ತದೆ. ಹಾಗೆಂದು ಕುಣಿಯುವವರನ್ನು ದೂರುವುದು ನ್ಯಾಯವಲ್ಲ. ಅದು ಅವರ ಹೊಟ್ಟೆಪಾಡು. ದೇಶ ವಿದೇಶಗಳಿಗೆ ಹೋಗಿ ಬಂದ ಮೇಳಗಳೂ ಅವರಲ್ಲಿವೆ. ಆದರೆ ನೋಡುವವನು ಬಯಸುವುದು ಸಿದ್ದಿಯನ್ನಲ್ಲ, ತನ್ನ ಮನಸ್ಸಿನಲ್ಲಿರುವ 'ಕಾಡುಮನುಷ್ಯ'ನನ್ನು ಎಂದಾಗ, ಹಾಗೆ ವೇಷ ಹಾಕಿದ ತರುಣನು ತನ್ನ ಹಿರಿಯರ ಹತ್ತಿರ ಹೋಗುತ್ತಿರುವನೋ ದೂರ ಹೋಗುತ್ತಿರುವನೋ ಯೋಚಿಸಬೇಕು. ನಮ್ಮ ಉತ್ಸವಗಳ ಮೆರವಣಿಗೆಯಲ್ಲಿ ಡಮಾಮಿ ಬಂದಾಗಲೂ ಈ ಪ್ರಶ್ನೆ ಅದರ ಹಿಂದೆಯೇ ನಡೆದು ಬರುತ್ತದೆ. ಸಂಜೆಯ ಅಂಗಳದಲ್ಲಿ ವೃತ್ತವಾಗಿದ್ದ ಕುಣಿತ ಮೆರವಣಿಗೆಯಲ್ಲಿ ಸಾಲಾಗುತ್ತದೆ; ಗಂಟೆಗಟ್ಟಲೆ ಸಾಗುತ್ತಿದ್ದ ಹಾಡು ಐದು ನಿಮಿಷಕ್ಕೆ ಇಳಿಯುತ್ತದೆ.

ಆದರೆ ಇದೇ ಪ್ರದರ್ಶನಕ್ಕೆ ಇನ್ನೊಂದು ಮುಖವೂ ಇದೆ. ಕಾಯಿದೆಯ ಕಣ್ಣಿಗೆ ಒಂದು ಜನಾಂಗ 'ಬುಡಕಟ್ಟು' ಎನಿಸಬೇಕಾದರೆ ೧೯೬೫ರ ಲೋಕೂರ ಸಮಿತಿ ಸೂಚಿಸಿದ ಲಕ್ಷಣಗಳನ್ನು ಸರಕಾರ ನೋಡುತ್ತದೆ. ವಿಶಿಷ್ಟವಾದ ಸಂಸ್ಕೃತಿ ಅವುಗಳಲ್ಲೊಂದು. ದಾಖಲೆ ಪತ್ರಗಳಿಲ್ಲದ ಜನಕ್ಕೆ ಹಾಡು, ಕುಣಿತ, ಪೂಜೆಗಳೇ ದಾಖಲೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು ೨೦೦೩ರಲ್ಲಿ. ಆದರೆ ಪಟ್ಟಿಯಲ್ಲಿ ಜಿಲ್ಲೆಯ ಹೆಸರಿತ್ತು! ಗಡಿಯ ಈಚೆಗೆ, ನಮ್ಮ ಧಾರವಾಡ ಜಿಲ್ಲೆಯಲ್ಲಿದ್ದ ಸಿದ್ದಿ ಆ ಪಟ್ಟಿಗೆ ಸೇರಲಿಲ್ಲ. ಅಕ್ಕ ಯಲ್ಲಾಪುರದಲ್ಲಿ, ತಂಗಿ ಕಲಘಟಗಿಯಲ್ಲಿ ಮದುವೆಯಾಗಿ ನೆಲೆಸಿದರೆ, ಅಕ್ಕನ ಮನೆಯವರು ಪಟ್ಟಿಯ ಒಳಗೆ, ತಂಗಿಯ ಮನೆಯವರು ಹೊರಗೆ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನೂ ಸೇರಿಸಿ ಸಂಸತ್ತು ಕಾಯಿದೆಯನ್ನು ತಿದ್ದಿದ್ದು ೨೦೨೦ರಲ್ಲಿ, ಹದಿನೇಳು ವರ್ಷಗಳ ಮೇಲೆ. ಅದೇ ವರ್ಷ ಶಾಂತಾರಾಮ ಬುಡ್ನ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಶಾಸನ ಸಭೆಯನ್ನು ಹೊಕ್ಕ ಮೊದಲ ಸಿದ್ದಿ ಎನಿಸಿದರು. ೨೦೨೩ರಲ್ಲಿ ಗುಜರಾತದ ಸಿದ್ದಿ ಮಹಿಳೆ ಹೀರಬಾಯಿ ಲೋಬಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಇವೆಲ್ಲ ನೋಡಿದರೆ ಡಮಾಮಿ ಬಾರಿಸುವ ತರುಣನ ಹೆಗಲ ಮೇಲೆ ಎರಡು ಭಾರಗಳು ಬಿದ್ದಂತಾಗಿವೆ. ಊರಿಗೆ ಅವನು ತನ್ನನ್ನು ಬೇರೆಯವನಲ್ಲವೆಂದು ತೋರಿಸಬೇಕು. ಸರಕಾರಕ್ಕೆ ಬೇರೆಯವನೆಂದು ತೋರಿಸಬೇಕು. ಈ ಇಕ್ಕಟ್ಟಿನಲ್ಲಿ ತನಗಾಗಿ, ತನ್ನ ಸಂತೋಷಕ್ಕಾಗಿ ಬಾರಿಸುವುದು ಯಾವಾಗ?

ಕೌದಿಯ ಪಾಠ

ಉತ್ತರ ಅವರ ಮನೆಯ ಜಗಲಿಯ ಮೇಲೆಯೇ ಇದೆ. ಸಿದ್ದಿ ಹೆಂಗಸರು ಹೊಲಿಯುವ 'ಕವಂದಿ' ಎಂಬ ಹೊದಿಕೆ ಈಗ ದೇಶ ವಿದೇಶಗಳ ಕಲಾಪ್ರದರ್ಶನಗಳಿಗೆ ಹೋಗಿದೆ. ಧಾರವಾಡದ ಮನೆಗಳಿಗೆ ಅದು ಹೊಸದೇನಲ್ಲ. ನಮ್ಮ ಅಜ್ಜಿಯರ ಕೌದಿಯ ಒಡಹುಟ್ಟೇ ಅದು. ಹರಿದ ಸೀರೆ, ಮಗುವಿನ ಅಂಗಿ, ಪಂಚೆಯ ತುಂಡು ಎಲ್ಲವನ್ನೂ ಅಂಚಿನಿಂದ ಆರಂಭಿಸಿ, ಸುತ್ತಿ ಸುತ್ತಿ ನಡುವಿನತ್ತ ಹೊಲಿಯುತ್ತ ಹೋಗುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗೂ 'ಫುಲ' ಎಂದರೆ ಹೂವು ಎಂದು ಕರೆಯುವ ಪುಟ್ಟ ಮುಕ್ಕೋನ ಬಟ್ಟೆಯನ್ನು ಹಚ್ಚಬೇಕು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಇದ್ದಂತೆ ಎಂಬುದು ಅವರ ಭಾವನೆ. ಕವಂದಿಯಲ್ಲಿ ಇರುವ ಒಂದು ತುಂಡಾದರೂ ಆಫ್ರಿಕದಿಂದ ಬಂದದ್ದಲ್ಲ. ಎಲ್ಲ ಇಲ್ಲಿಯ ಬಟ್ಟೆಯೇ. ಆದರೂ ಅದನ್ನು ಕಂಡವರು ಇದು ಸಿದ್ದಿ ಹೆಂಗಸಿನ ಕೈಕೆಲಸವೆಂದು ಗುರುತಿಸಬಲ್ಲರು.

ಪರಂಪರೆಯೂ ಹೀಗೆಯೇ. ಅದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಹಬ್ಬಕ್ಕೊಮ್ಮೆ ತೆಗೆದು ತೋರಿಸುವ ಒಡವೆಯಲ್ಲ. ಕೊಂಕಣಿಯ ಪದ, ಕನ್ನಡದ ನಾಟಕ, ನೈಜೀರಿಯದ ಕಥೆ, ಸಿನಿಮಾದ ಹಾಡು, ಕಾಡಿನ ಡಮಾಮಿ—ಸಿಕ್ಕ ತುಂಡುಗಳನ್ನೆಲ್ಲ ತನ್ನ ಕೈಯಿಂದ ತಾನೇ ಹೊಲಿದಾಗ ಅದು ತನ್ನದಾಗುತ್ತದೆ. ಬೇರೆಯವರು ಹೊಲಿದು ಹೊದಿಸಿದ್ದು ಎಷ್ಟೇ ಚಂದವಿರಲಿ, ವೇಷ ಮಾತ್ರ. ರಂಗಭೂಮಿ ಸಿದ್ದಿ ತರುಣರಿಗೆ ಕೊಟ್ಟ ದೊಡ್ಡ ಕೊಡುಗೆಯೆಂದರೆ ಚಪ್ಪಾಳೆಯಲ್ಲ, ಕೀರ್ತಿಯೂ ಅಲ್ಲ. ತಮ್ಮ ಹಿರಿಯರನ್ನು ಹೊರಗಿನವರ ಕಣ್ಣಿನಿಂದ ನೋಡುವುದನ್ನು ಬಿಟ್ಟು ತಮ್ಮ ಕಣ್ಣಿನಿಂದಲೇ ನೋಡುವ ಧೈರ್ಯ ಅದು. ಹಾಡು ಕಲಿಯಲೆಂದು ಅಜ್ಜಿಯ ಬಳಿ ಹೋಗಿ ಕುಳಿತ ಮೊಮ್ಮಗಳಿಗೆ ಹಾಡಿನೊಡನೆ ಅಜ್ಜಿಯೂ ಸಿಕ್ಕುತ್ತಾಳೆ.

ಈ ಮಾತು ಸಿದ್ದಿಗಳಿಗೆ ಮಾತ್ರ ಸಲ್ಲುವುದೇ? ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಬೀಸುವ ಕಲ್ಲಿನ ಪದವನ್ನು ಕೇಳಿದವರು ಎಷ್ಟು ಜನ? ಹಂತಿಯ ಪದ, ಗೀಗೀ ಪದ, ಸಣ್ಣಾಟ, ಕೃಷ್ಣ ಪಾರಿಜಾತ ಇವುಗಳ ಹೆಸರಾದರೂ ಅವರಿಗೆ ಗೊತ್ತೇ? ಸಾವಿರಾರು ಮೈಲಿ ಕಡಲು ದಾಟಿ, ಹೆಸರು ನುಡಿಗಳನ್ನು ಕಳೆದುಕೊಂಡು ಬಂದವರು ತಮ್ಮ ಲಯವನ್ನು ಕಾಪಾಡಿಕೊಂಡರು. ಎರಡು ತಲೆಮಾರಿನ ಹಿಂದೆ ಹಳ್ಳಿಯಿಂದ ಪೇಟೆಗೆ ಬಂದ ನಮ್ಮ ಮನೆಗಳು, ಬರೀ ಹತ್ತಿಪ್ಪತ್ತು ಮೈಲಿ ದಾಟುವಷ್ಟರಲ್ಲಿ ಎಷ್ಟನ್ನು ದಾರಿಯಲ್ಲಿಯೇ ಬಿಟ್ಟು ಬಂದವೋ! ಧಾರವಾಡದ ರಂಗಾಯಣದಲ್ಲಿ ಬೇಸಿಗೆಯ ರಜೆಯ ಮಕ್ಕಳ ಶಿಬಿರಗಳು ನಡೆದಿವೆ. ಮಕ್ಕಳನ್ನು ಅಂಥಲ್ಲಿಗೆ ಕಳಿಸುವ ತಾಯ್ತಂದೆಯರು ಮನೆಯ ಹಿರಿಯರ ಒಂದು ಹಾಡನ್ನೂ ಜೊತೆಗೆ ಕಟ್ಟಿ ಕಳಿಸಬಹುದು.

ಇನ್ನೊಮ್ಮೆ ಯಲ್ಲಾಪುರದ ಬಸ್ಸಿನಲ್ಲಿ ಕುಳಿತಾಗ, ಪುಸ್ತಕದ ಚೀಲ ಹೊತ್ತ ಆ ಮಕ್ಕಳು ಹತ್ತಿದರೆ, 'ಯಾವ ದೇಶದವರು?' ಎಂದು ಯಾರೂ ಕೇಳಬೇಕಾಗಿಲ್ಲ. ಕೇಳಲೇಬೇಕೆನಿಸಿದರೆ, 'ಡಮಾಮಿ ಬಾರಿಸಲು ಬರುತ್ತದೆಯೇ, ತಮ್ಮಾ?' ಎಂದು ಕೇಳಬಹುದು. ಬರುತ್ತದೆ ಎಂದು ಆ ಹುಡುಗ ತಲೆಯೆತ್ತಿ ಹೇಳಿದ ದಿನ, ಅವನ ಹಿರಿಯರು ಅವನಿಗೆ ಸಿಕ್ಕರೆಂದೇ ತಿಳಿಯಬೇಕು.